ಹುಲಿಗೆವ್ವನ ಗುಡಿಸು

“ಗ್ವಾಡೆ ಮ್ಯಾಲೆ ಒಂದು ಹಲ್ಲೆ ಇತ್ತು,” ಎಂದು ಶಮೀಮ ಕಂಪ್ಯೂಟರಿನ ಪರದೆ ನೋಡಿ ಓದಿದಳು. ಓದಿ, ಪಕ್ಕದಲ್ಲಿ ನಿಂತ ಗೆಳತಿ ದುರ್ಗಾಳ ಕಡೆ ತಿರುಗಿದಳು. “ಯಾರು ಯಾರನ್ನ ಬಡದ್ರು?”

ದುರ್ಗಾ ಬಗ್ಗಿ ನೋಡಿದಳು. ಅವಳು ನೋಟ್‌ಬುಕ್ಕಿನಲ್ಲಿ ಬರೆದದ್ದು ಹಲ್ಲಿ. ನಾಲ್ಕು ಕಾಲು, ಒಂದು ಬಾಲ, ಲೊಚ್ ಎನ್ನುವ ಬಾಯಿ ಇರುವ ಹಲ್ಲಿ. ಅದು ಪರದೆಯ ಮೇಲೆ ಹಲ್ಲೆ ಆಗಿತ್ತು. ಹಲ್ಲೆ ಎಂದರೆ ಬಡಿದಾಟ. ಪೇಪರಿನಲ್ಲಿ ದಿನಾ ಬರುತ್ತದೆ.

ಅವಳು ಕೆಳಗಿನ ಸಾಲಿಗೆ ಕಣ್ಣು ಹಾಯಿಸಿದಳು. ಹೋಳಿಗಿ ‘ಹೋಳೆಗೆ’ ಆಗಿತ್ತು. ‘ಹೇಳ್ರಿ’ ಎಂದು ಮರ್ಯಾದೆಯಿಂದ ಕೇಳಿದ್ದು ‘ಹೇಳ್ರೆ’ ಆಗಿತ್ತು. ಎಲ್ಲಕ್ಕಿಂತ ಕೆಳಗೆ, ಹೂವಿನ ಬಳ್ಳಿಯ ಚೌಕಟ್ಟಿನೊಳಗೆ, ಎರಡು ಸಾಲು ಇದ್ದವು.

ಕತೆ ಹೇಳೆದವರು: ಹುಲೆಗೆವ್ವ.

ಬರೆದವಳು: ದುರ್ಗಾ, ಐದನೆಯ ವರ್ಗ.

ದುರ್ಗಾಳ ಬೆರಳು ತಾನಾಗಿ ಪರದೆಯ ಕಡೆ ಹೋಯಿತು.

“ಮುಟ್ಟಬ್ಯಾಡ,” ಎಂದರು ಆರತಿ ಟೀಚರ್.

ಆ ಕೋಣೆಯಲ್ಲಿ ಯಾವುದನ್ನೂ ಮುಟ್ಟುವಂತಿರಲಿಲ್ಲ. ಗೋಪನಕೊಪ್ಪದ ಆ ಶಾಲೆಗೆ ಕಂಪ್ಯೂಟರ್ ಬಂದು ಒಂದು ವರ್ಷವಾಗಿತ್ತು. ಅದಕ್ಕೆ ಗುಲಾಬಿ ಬಣ್ಣದ ಅಂಗಿ ಹೊಲಿಸಿದ್ದರು, ಹಣೆಗೆ ಕುಂಕುಮ ಹಚ್ಚಿದ್ದರು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿಕೊಂಡು, ಸಾಲಾಗಿ ಬಂದು ದರ್ಶನ ಮಾಡಿ ಹೋಗುತ್ತಿದ್ದರು. ಕಲಿಯುವುದು ಇನ್ನೂ ಶುರುವಾಗಿರಲಿಲ್ಲ. ದೇವರನ್ನು ಯಾರೂ ಬಳಸುವುದಿಲ್ಲವಲ್ಲ.

ಈ ವರ್ಷ ಶಾಲೆಯ ಪತ್ರಿಕೆಯನ್ನು ಕಾಗದದ ಮೇಲೆ ಅಚ್ಚು ಹಾಕಿಸುವುದು ಬೇಡ ಎಂದು ಶಾಲೆಯ ಅಧ್ಯಕ್ಷರಾದ ಚನ್ನಯ್ಯನವರು ಹೇಳಿದ್ದರು. ಅವರು ಹತ್ತಿ ವ್ಯಾಪಾರಿ. ಕಂಪ್ಯೂಟರ್ ಕೊಡಿಸಿದವರೂ ಅವರೇ. ಎರಡು ಸಾವಿರದ ಮೂರನೆಯ ಇಸವಿಯಲ್ಲಿ ಇನ್ನೂ ಕಾಗದ ಹಿಡಿದುಕೊಂಡು ಕುಳಿತರೆ ಜಗತ್ತು ನಗುತ್ತದೆ ಎಂಬುದು ಅವರ ಮಾತು. ಆದ್ದರಿಂದ ಪತ್ರಿಕೆ ಸಿ.ಡಿ. ಮೇಲೆ ಬರಬೇಕಾಗಿತ್ತು. ಅದಕ್ಕೆ ‘ಮಿಂಚುತಟ್ಟೆ’ ಎಂದು ಹೆಸರಿಟ್ಟಿದ್ದರು. ಐವತ್ತು ಸಿ.ಡಿ. ತಯಾರಾಗಿದ್ದವು. ಕಾಗದವಿಲ್ಲದ ಆ ಪತ್ರಿಕೆಗೆ, ಹೂವಿನ ಬಳ್ಳಿಯೊಳಗಿನ ಆ ಹೆಸರುಗಳನ್ನೇ ಹೊತ್ತ ಐವತ್ತು ಕಾಗದದ ಹೊದಿಕೆಗಳೂ ಅಚ್ಚಾಗಿದ್ದವು.

“ಟೀಚರ್, ನಮ್ಮ ಆಯಿ ಹೆಸರು ತಪ್ಪಾಗೇತ್ರಿ,” ಎಂದಳು ದುರ್ಗಾ.

ಆರತಿ ಟೀಚರ್ ಬಗ್ಗಿ ನೋಡಿದರು. ಅವರು ಕೆಟ್ಟವರಲ್ಲ. ಆದರೆ ಅವರ ಕಣ್ಣಿಗೆ ಮೊದಲು ಬಿದ್ದದ್ದು ಹೂವಿನ ಬಳ್ಳಿ. ಅದು ಬಹಳ ಚೆಂದ ಬಂದಿತ್ತು. ಬಳ್ಳಿಯಿಂದ ಕೆಳಗಿಳಿದು ಹೆಸರು ನೋಡಿದಾಗ ಅವರ ಮುಖ ಸಣ್ಣದಾಯಿತು. ಅದರ ಕೆಳಗೆ ‘ಸಂಪಾದನೆ: ಆರತೆ’ ಎಂದು ಇತ್ತು.

“ಕಂಪ್ಯೂಟರ್ ಮಿಸ್ಟೇಕ್ ಇರಬೇಕು,” ಎಂದರು ಮೆಲ್ಲಗೆ. ಆಮೇಲೆ, ಈಗ ಏನೂ ಮಾಡಲು ಬರುವುದಿಲ್ಲ, ಇದು ಪಿಡಿಎಫ್ ಆಗಿದೆ, ಅಧ್ಯಕ್ಷರು ನೋಡಿ ಪಾಸ್ ಮಾಡಿದ್ದಾರೆ, ಕಾರ್ಯಕ್ರಮ ನಾಡಿದ್ದೇ ಇದೆ ಎಂದು ಒಂದೊಂದಾಗಿ ಹೇಳಿದರು. ಅಧ್ಯಕ್ಷರೂ ಹೂವಿನ ಬಳ್ಳಿ ನೋಡಿಯೇ ಪಾಸ್ ಮಾಡಿದ್ದರು.

ಕಂಪ್ಯೂಟರ್ ಮಿಸ್ಟೇಕ್ ಎಂಬ ಮಾತು ಕೇಳಿ ದುರ್ಗಾ ತಲೆಯಾಡಿಸಿದಳು. ಅವಳಿಗೆ ಬೇರೆ ಸಂಗತಿ ಗೊತ್ತಿತ್ತು. ಆದರೂ ತಲೆಯಾಡಿಸಿದಳು.

ದುರ್ಗಾಳ ಅಪ್ಪನ ತಾಯಿ ಹುಲಿಗೆವ್ವ. ದುರ್ಗಾ ಅವಳನ್ನು ಆಯಿ ಎಂದು ಕರೆಯುತ್ತಿದ್ದಳು. ಆಯಿ ಚನ್ನಯ್ಯನವರ ಹತ್ತಿ ಗೋದಾಮಿನಲ್ಲಿ ಕಸ ಗುಡಿಸುತ್ತಿದ್ದಳು. ಮೂವತ್ತು ವರ್ಷ ಗುಡಿಸಿದ್ದಳು. ಸಂಜೆ ಮನೆಗೆ ಬಂದಾಗ ಅವಳ ಹುಬ್ಬಿನ ಮೇಲೆ, ಕಿವಿಯ ಮೇಲೆ ಹತ್ತಿಯ ಎಳೆ ಕುಳಿತಿರುತ್ತಿದ್ದವು.

ದುರ್ಗಾ ಹುಟ್ಟುವ ಸುಮಾರಿಗೆ ಓಣಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಸಂಜೆಯ ಶಾಲೆ ನಡೆದಿತ್ತಂತೆ. ಮೂರು ತಿಂಗಳು ನಡೆದು, ಕಂದೀಲಿನ ಎಣ್ಣೆ ತೀರಿದ ಮೇಲೆ ನಿಂತಿತಂತೆ. ಆ ಮೂರು ತಿಂಗಳಲ್ಲಿ ಆಯಿ ಕಲಿತದ್ದು ತನ್ನ ಹೆಸರು. ಬೇರೆ ಯಾವುದೂ ತಲೆಯಲ್ಲಿ ನಿಂತಿರಲಿಲ್ಲ. ಹೆಸರು ಮಾತ್ರ ಅಚ್ಚು ಹಾಕಿದಂತೆ ನಿಂತಿತ್ತು. ಒಲೆಯ ಮುಂದೆ ಕುಳಿತಾಗ ಬೂದಿಯಲ್ಲಿ ಬೆರಳಾಡಿಸಿ ಬರೆಯುತ್ತಿದ್ದಳು.

“ಹ ಕೊಂಬು ಹು. ಲ ಗುಡಿಸು ಲಿ. ಗ ಏತ್ವ ಗೆ. ವಕ್ಕ ವ ಒತ್ತು ವ್ವ.”

ಲಿ ಎಂದು ಬರೆಯುವಾಗ ಲ ಅಕ್ಷರದ ನೆತ್ತಿಯ ಮೇಲೆ ಒಂದು ಸಣ್ಣ ಸುತ್ತು ಬರುತ್ತದಲ್ಲ, ಅದರ ಹೆಸರು ಗುಡಿಸು. ಕಾಗುಣಿತ ಕಲಿತ ಎಲ್ಲರಿಗೂ ಅದು ಗೊತ್ತು. ಆದರೆ ಆ ಹೆಸರು ಕೇಳಿ ಆಯಿಗೆ ಆದಷ್ಟು ಸಂತೋಷ ಯಾರಿಗೂ ಆಗಿರಲಿಕ್ಕಿಲ್ಲ.

“ನೋಡವಾ, ಜೀವಮಾನ ಎಲ್ಲಾ ಗುಡಿಸೇನಿ,” ಎನ್ನುತ್ತಿದ್ದಳು. “ದೇವರಿಗೆ ಗೊತ್ತಿತ್ತು. ಅದಕ್ಕ ನನ್ನ ಹೆಸರಿನಾಗೂ ಒಂದು ಗುಡಿಸು ಇಟ್ಟಾನ.”

ಪತ್ರಿಕೆಗೆ ಕತೆ ಬರೆದುಕೊಂಡು ಬನ್ನಿರಿ ಎಂದು ಟೀಚರ್ ಹೇಳಿದಾಗ ದುರ್ಗಾ ಆಯಿ ಹೇಳುತ್ತಿದ್ದ ಹಲ್ಲಿಯ ಕತೆಯನ್ನು ಬರೆದಳು. ಆಯಿ ಹೇಳಿದಂತೆಯೇ ಬರೆದಳು. ‘ಒಂದು ಮನಿ. ಆ ಮನಿ ಗ್ವಾಡಿ ಮ್ಯಾಲೆ ಒಂದು ಹಲ್ಲಿ ಇತ್ತು.’

ನೋಟ್‌ಬುಕ್ ತಿರುಗಿ ಬಂದಾಗ ಪುಟದ ತುಂಬ ಕೆಂಪು ಶಾಯಿ ಇತ್ತು. ಮನಿ ಹೊಡೆದು ಮನೆ. ಗ್ವಾಡಿ ಹೊಡೆದು ಗೋಡೆ. ಕತಿ ಹೊಡೆದು ಕತೆ. ಆರತಿ ಟೀಚರ್ “ನಾ ಮನಿಗೆ ಹೋಗಿ ಎಲ್ಲಾ ತಿದ್ದೇನಿ ನೋಡು” ಎಂದು ಹೇಳುತ್ತಲೇ ಆ ನೋಟ್‌ಬುಕ್ ಕೊಟ್ಟಿದ್ದರು. ಬಾಯಿಗೆ ಮನಿ, ಕೈಗೆ ಮನೆ. ಬಾಯಿಗೆ ಕೆಂಪು ಶಾಯಿ ಹಚ್ಚುವ ಪೆನ್ನು ಇನ್ನೂ ಬಂದಿರಲಿಲ್ಲ.

ದುರ್ಗಾ ಆ ಕೆಂಪು ಗೆರೆಗಳನ್ನು ಎಣಿಸಿದಳು. ಅರವತ್ಮೂರು. ಹಿಂದೆ ಕುಳಿತವರು ನೋಡಿಬಿಟ್ಟಾರು ಎಂದು ನೋಟ್‌ಬುಕ್ ಮುಚ್ಚಿದಳು. ಅವಳಿಗೆ ಟೀಚರ ಮೇಲೆ ಸಿಟ್ಟು ಬರಲಿಲ್ಲ. ಆಯಿಯ ಮೇಲೆ ಬಂತು. ಎಲ್ಲರ ಮನೆಯ ಅಜ್ಜಿಯರು ಪುಸ್ತಕದಂತೆ ಮಾತಾಡುತ್ತಾರೆ, ನಮ್ಮ ಆಯಿ ಮಾತ್ರ ಹೀಗೆ ಎಂದು ಅವಳಿಗೆ ಅನ್ನಿಸಿತು. ಎಲ್ಲರ ಮನೆಯ ಅಜ್ಜಿಯರ ಮಾತನ್ನು ಅವಳು ಕೇಳಿರಲಿಲ್ಲ, ಅದು ಬೇರೆ ಮಾತು.

ಪತ್ರಿಕೆಯ ಟೈಪಿಂಗ್ ನಡೆದದ್ದು ಯಂಕಣ್ಣನ ಡಿಟಿಪಿ ಅಂಗಡಿಯಲ್ಲಿ. ಯಂಕಣ್ಣ ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ‘ಇಲ್ಲಿ ಮೂತ್ರ ಮಾಡಬಾರದು’ ಎಂಬ ಬೋರ್ಡು, ಎಲ್ಲವನ್ನೂ ಒಂದೇ ಭಕ್ತಿಯಿಂದ ಟೈಪ್ ಮಾಡುತ್ತಿದ್ದ. ದುರ್ಗಾ ನೋಟ್‌ಬುಕ್ ತೆಗೆದುಕೊಂಡು ಹೋದಾಗ ಅವನು ಕತೆಯನ್ನು, ತಿದ್ದುವ ಮೊದಲೇ ಕಳಿಸಿದ್ದ ಪ್ರತಿ ನೋಡಿ, ಆಗಲೇ ಟೈಪ್ ಮಾಡಿ ಮುಗಿಸಿದ್ದ. ಪತ್ರಿಕೆಯ ಎಲ್ಲ ಪುಟಗಳೂ ಒಂದೇ ಫೈಲಿನಲ್ಲಿ ಇದ್ದವು.

ಅರವತ್ಮೂರು ತಿದ್ದುಪಡಿ ನೋಡಿ ಯಂಕಣ್ಣ ಕೈ ಮುಗಿದ. ಒಂದೊಂದಾಗಿ ತಿದ್ದುತ್ತ ಕುಳಿತರೆ ಮೂರು ಲಗ್ನ ಮುಗಿದು ಹೋಗುತ್ತವೆ ಎಂದ. ಆಮೇಲೆ ಅವನಿಗೆ ಒಂದು ಉಪಾಯ ಹೊಳೆಯಿತು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಇದೆ. ಯಾವ ಅಕ್ಷರ ಬೇಡ, ಯಾವ ಅಕ್ಷರ ಬೇಕು ಎಂದು ಹೇಳಿದರೆ ಸಾಕು. ಇಡೀ ಫೈಲಿನಲ್ಲಿ ಹುಡುಕಿ, ಎಲ್ಲಿದ್ದರೂ ಹಿಡಿದು ಬದಲಾಯಿಸುತ್ತದೆ.

“ಯಾವ ಅಕ್ಷರ ತಗೀಬೇಕು ಹೇಳವಾ,” ಎಂದು ಕೇಳಿದ.

ದುರ್ಗಾ ಹೇಳಿದಳು. ನಿ ತೆಗೆದು ನೆ ಹಾಕ್ರಿ. ಲಿ ತೆಗೆದು ಲೆ. ಳಿ ತೆಗೆದು ಳೆ. ರಿ, ಡಿ, ಗಿ, ತಿ. ಗುಡಿಸು ಇದ್ದ ಕಡೆಯೆಲ್ಲ ಏತ್ವ. ಪಾಠ ಒಪ್ಪಿಸಿದಂತೆ ಒಪ್ಪಿಸಿದಳು. ಯಂಕಣ್ಣ ಒಂದೊಂದನ್ನೇ ತುಂಬಿ, ಮೌಸನ್ನು ಅವಳ ಕಡೆ ಸರಿಸಿದ.

“ನೀನ ಒತ್ತು.”

ದುರ್ಗಾ ಒತ್ತಿದಳು. ಅವಳು ಜನ್ಮದಲ್ಲಿ ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು ಆಗ. ಏಳು ಸಲ ಒತ್ತಿದಳು. ಪ್ರತಿ ಸಲವೂ ಕಂಪ್ಯೂಟರ್ ಎಷ್ಟು ಅಕ್ಷರ ಬದಲಾಯಿಸಿದೆ ಎಂದು ಲೆಕ್ಕ ತೋರಿಸಿತು. ನೂರು, ಇನ್ನೂರು. ಅರವತ್ಮೂರು ತಪ್ಪಿಗೆ ಇನ್ನೂರು ತಿದ್ದುಪಡಿ ಹೇಗೆ ಬಂತು ಎಂದು ಅವಳೂ ಕೇಳಲಿಲ್ಲ, ಯಂಕಣ್ಣನೂ ಕೇಳಲಿಲ್ಲ. ಕಂಪ್ಯೂಟರ್ ಕೆಲಸ ಮಾಡುವಾಗ ನಡುವೆ ಬಾಯಿ ಹಾಕಬಾರದು ಎಂಬುದು ಆ ಕಾಲದ ಮರ್ಯಾದೆ.

ಹೀಗೆ ಇಡೀ ಪತ್ರಿಕೆಯ ಗುಡಿಸುಗಳನ್ನೆಲ್ಲ ದುರ್ಗಾ ಒಬ್ಬಳೇ ಗುಡಿಸಿ ಹಾಕಿದಳು. ಹುಬ್ಬಳ್ಳಿ ‘ಹುಬ್ಬಳ್ಳೆ’ ಆಯಿತು. ಅಧ್ಯಕ್ಷರ ಸಂದೇಶದಲ್ಲಿ ‘ಕನ್ನಡ ಉಳಿಸಿ’ ಎಂದು ಇದ್ದದ್ದು ‘ಕನ್ನಡ ಉಳೆಸಿ’ ಆಯಿತು. ಅದು ಇವತ್ತಿನ ತನಕ ಯಾರಿಗೂ ಗೊತ್ತಾಗಿರಲಿಲ್ಲ. ಯಾಕೆಂದರೆ ಅಧ್ಯಕ್ಷರ ಸಂದೇಶವನ್ನು ಯಾರೂ ಓದಿರಲಿಲ್ಲ. ಅಧ್ಯಕ್ಷರಿಗೂ ಗೊತ್ತಾಗಿರಲಿಲ್ಲ. ಯಾಕೆಂದರೆ ಅದನ್ನು ಬರೆದವರು ಅವರಲ್ಲ.

ಶಾಲೆ ಬಿಟ್ಟ ಕೂಡಲೇ ದುರ್ಗಾ ಯಂಕಣ್ಣನ ಅಂಗಡಿಗೆ ಓಡಿದಳು.

“ಕಾಕಾ, ಹೊಳ್ಳಿ ಹಾಕ್ರಿ,” ಎಂದಳು. “ಗುಡಿಸು ಹೊಳ್ಳಿ ಹಾಕ್ರಿ.”

ಯಂಕಣ್ಣ ಮೊದಲು ನಕ್ಕ. ಆಮೇಲೆ ಫೈಲು ತೆರೆದು ಓದಿದ. ನಗು ನಿಂತಿತು. ಹಳೆಯ ಫೈಲು ಇರಲಿಲ್ಲ, ಅದೇ ಹೆಸರಿನಲ್ಲಿ ಹೊಸದನ್ನು ಸೇವ್ ಮಾಡಿದ್ದ. ಆದರೂ ಹೆದರಬೇಡ ಎಂದ. ಹೋದ ದಾರಿಯಲ್ಲೇ ತಿರುಗಿ ಬಂದರೆ ಮನೆ ಸಿಕ್ಕೇ ಸಿಗುತ್ತದೆ. ಲೆ ತೆಗೆದು ಲಿ, ನೆ ತೆಗೆದು ನಿ, ಗೆ ತೆಗೆದು ಗಿ. ಎಲ್ಲವನ್ನೂ ತಿರುವಿ ಹಾಕಿ ಗುಂಡಿ ಒತ್ತಿದ.

ಹಲ್ಲೆ ಹೋಗಿ ಹಲ್ಲಿ ಬಂತು. ದುರ್ಗಾ ಉಸಿರು ಬಿಟ್ಟಳು. ಆದರೆ ಹಲ್ಲಿಯ ಜೊತೆಗೆ ‘ಮ್ಯಾಲೆ’ ಇದ್ದದ್ದು ‘ಮ್ಯಾಲಿ’ ಆಯಿತು, ‘ನೆಲ’ ಇದ್ದದ್ದು ‘ನಿಲ’ ಆಯಿತು. ಇಬ್ಬರೂ ಪುಟದ ಕೆಳಗೆ ನೋಡಿದರು. ಅಲ್ಲಿ ಹುಲಿಗಿವ್ವ ಎಂದು ಇತ್ತು. ಮೊದಲು ಒಂದು ಗುಡಿಸು ಹೋಗಿತ್ತು. ಈಗ ಎರಡು ಬಂದು ಕುಳಿತಿದ್ದವು.

ಯಂಕಣ್ಣ ಕನ್ನಡಕ ತೆಗೆದು ಒರೆಸಿದ. ಕಂಪ್ಯೂಟರಿಗೆ ಬದಲಾಯಿಸುವುದು ಗೊತ್ತು, ಮೊದಲು ಏನಿತ್ತು ಎಂಬ ನೆನಪು ಇಲ್ಲ ಎಂದ. ಕೂತು ಕೈಯಿಂದ ತಿದ್ದಿದರೂ ಉಪಯೋಗವಿಲ್ಲ, ಐವತ್ತು ಸಿ.ಡಿ. ಆಗಲೇ ಸುಟ್ಟಾಗಿದೆ. ಸಿ.ಡಿ. ಬರೆಯುವುದಕ್ಕೆ ಸುಡುವುದು ಎನ್ನುತ್ತಾರೆ. ಸುಟ್ಟ ಮೇಲೆ ಮತ್ತೆ ಬರೆಯಲು ಬರುವುದಿಲ್ಲ.

“ಡಾಕ್ಯುಮೆಂಟ್ ಅಂದ್ರ ಹಸೀ ಗ್ವಾಡಿ ಇದ್ದಂಗ,” ಎಂದ ಯಂಕಣ್ಣ. “ಹೆಂಗ ಬೇಕಾದ್ರೂ ಒರಸಬಹುದು. ಪಿಡಿಎಫ್ ಅಂದ್ರ ಹಣಿಬರಹ. ಬ್ರಹ್ಮ ಬಂದ್ರೂ ತಿದ್ದಾಕಾಗೂದಿಲ್ಲ.”

ದುರ್ಗಾ ಮನೆಗೆ ಬಂದಾಗ ಆಯಿ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಹಗ್ಗದ ಮೇಲೆ ಹರವಿದ್ದಳು. ಶನಿವಾರ ಗೋದಾಮಿಗೆ ಬರುವುದಿಲ್ಲ ಎಂದು ಹೇಳಿ ಬಂದಿದ್ದಳು. ಮೂವತ್ತು ವರ್ಷದಲ್ಲಿ ಅವಳು ಕೇಳಿದ ಮೂರನೆಯ ರಜೆ ಅದು. ಮೊದಲ ಎರಡು, ಮಕ್ಕಳ ಲಗ್ನಕ್ಕೆ.

ಕಾರ್ಯಕ್ರಮದಲ್ಲಿ ಬಹಳ ಭಾಷಣ ಇದೆ, ನಿನಗೆ ಬೇಸರ ಆಗುತ್ತದೆ, ಬರುವುದು ಬೇಡ ಎಂದು ದುರ್ಗಾ ಹೇಳಿ ನೋಡಿದಳು. ಭಾಷಣ ಕೇಳುತ್ತ ಕುಳಿತರೆ ಕೈಗೆ ಕೆಲಸವಿಲ್ಲ, ಸೊಂಟಕ್ಕೆ ಆರಾಮ, ಬೇಸರ ಯಾಕೆ ಎಂದು ಆಯಿ ಕೇಳಿದಳು. ಜಾಗ ಸಿಗುವುದಿಲ್ಲ ಎಂದು ದುರ್ಗಾ ಹೇಳಿದಳು. ನಿಂತುಕೊಳ್ಳುತ್ತೇನೆ ಎಂದಳು ಆಯಿ. ಅಲ್ಲಿ ಕಂಪ್ಯೂಟರ್ ಇದೆ, ಧೂಳು ಇರಬಾರದು ಎಂದು ಮತ್ತೊಂದು ನೆಪ ಹೇಳಿದಳು.

“ಹಂಗಾರ ಕಸಬರಿಗಿ ತರ್ತೇನಿ,” ಎಂದು ಆಯಿ ನಕ್ಕಳು.

ಆಮೇಲೆ ಬೂದಿಯ ಮೇಲೆ ಬೆರಳಿಟ್ಟು ಹೆಸರು ಬರೆಯತೊಡಗಿದಳು. ಪರದೆಯ ಮೇಲೆ ತನ್ನ ಹೆಸರು ಎಷ್ಟು ದೊಡ್ಡದು ಇರುತ್ತದೆ, ಅಲ್ಲಿಯೂ ಅಕ್ಷರ ಹೀಗೆಯೇ ಇರುತ್ತವೆಯೇ, ತನಗೆ ಗುರುತು ಹತ್ತುತ್ತದೆಯೇ ಎಂದು ಕೇಳಿದಳು. ದುರ್ಗಾ ಊಟ ಮಾಡದೆ ಮಲಗಿದಳು. ಹೊಟ್ಟೆ ನೋವು ಎಂದಳು. ಅದೂ ಸುಳ್ಳೇ.

ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಕಾರ್ಯಕ್ರಮ ಶುರುವಾಯಿತು. ಕಂಪ್ಯೂಟರನ್ನು ಕೋಣೆಯಿಂದ ಹೊರಗೆ ತಂದು ಮೇಜಿನ ಮೇಲೆ ಇಟ್ಟಿದ್ದರು. ಚೆಂಡು ಹೂವಿನ ಮಾಲೆ ಹಾಕಿದ್ದರು. ಬಿಸಿಲಿನಲ್ಲಿ ಪರದೆ ಮುಂದಿನ ಸಾಲಿನ ನಾಲ್ಕು ಮಂದಿಗೆ ಅರ್ಧ ಕಾಣುತ್ತಿತ್ತು. ಉಳಿದವರಿಗೆ ಮಾಲೆ ಕಾಣುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಚನ್ನಯ್ಯನವರು ಭಾಷಣಕ್ಕೆ ಎದ್ದರು. ಜೇಬಿನಿಂದ ನಶ್ಯದ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಒಂದು ಯಂತ್ರ ತೆಗೆದರು. ಅದರ ಹೆಸರು ಪಾಮ್‌ಟಾಪ್. ಇನ್ನು ಮುಂದೆ ಬರೆಯುವವರು ಪುಸ್ತಕ ಬರೆಯುವುದಿಲ್ಲ, ಫೈಲ್ ಬರೆಯುತ್ತಾರೆ, ಓದುವವರು ಅದನ್ನು ಅಂಗೈಯಲ್ಲಿ ಹಿಡಿದು ಓದುತ್ತಾರೆ ಎಂದರು. ತಮ್ಮ ಭಾಷಣವನ್ನೂ ಅದರಲ್ಲೇ ಹಾಕಿಸಿಕೊಂಡು ಬಂದಿದ್ದೇನೆ ಎಂದು ಸಣ್ಣ ಕಡ್ಡಿಯಿಂದ ಅದನ್ನು ಕುಟುಕಿದರು. ಪರದೆಯಲ್ಲಿ ಅಕ್ಷರದ ಬದಲು ಬರಿಯ ಡಬ್ಬಿಗಳು ಬಂದವು. ಸಾಲುಸಾಲು ಖಾಲಿ ಡಬ್ಬಿ. ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಚನ್ನಯ್ಯನವರು ಡಬ್ಬಿಗಳನ್ನು ನೋಡುತ್ತಲೇ ಹತ್ತು ನಿಮಿಷ ಮಾತಾಡಿದರು. ಹಿಂದಿನ ವರ್ಷದ ಭಾಷಣಕ್ಕೂ ಇದಕ್ಕೂ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಮುಂದೆ ದುರ್ಗಾ ಪರದೆ ನೋಡಿ ಕತೆ ಓದಬೇಕಾಗಿತ್ತು. ಅದಕ್ಕಿಂತ ಮೊದಲು, ಕತೆ ಹೇಳಿದ ಅಜ್ಜಿ ಬಂದು ತಮ್ಮ ಹೆಸರು ನೋಡಲಿ ಎಂದು ಆರತಿ ಟೀಚರ್ ಮೈಕಿನಲ್ಲಿ ಕರೆದರು. ಅವರಿಗೆ ತಪ್ಪು ನೆನಪಿತ್ತು. ಆದರೆ ಹೆಸರು ಬರೆಯಲು ಮಾತ್ರ ಬರುವ ಅಜ್ಜಿ ಅಷ್ಟು ಸೂಕ್ಷ್ಮ ಎಲ್ಲಿ ನೋಡುತ್ತಾಳೆ ಎಂದುಕೊಂಡಿದ್ದರು.

ಆಯಿ ಎದ್ದು ಬಂದಳು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಪರದೆಯ ಹತ್ತಿರ ಮುಖ ತಂದಳು.

“ಹ ಕೊಂಬು ಹು,” ಎಂದಳು. ಮುಖ ಅರಳಿತು. “ಲ...”

ನಿಂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು.

“ಲ ಏತ್ವ ಲೆ. ಗ ಏತ್ವ ಗೆ. ವ್ವ.” ಅವಳು ಚನ್ನಯ್ಯನವರ ಕಡೆ ತಿರುಗಿದಳು. “ಇಕಿ ಯಾರೋ ಬ್ಯಾರೆದಾಕಿ ಅದಾಳ್ರಿ ಸಾವ್ಕಾರ್ರ. ನನ್ನ ಗುಡಿಸು ಇಲ್ಲ ಇದರಾಗ.”

ಮಕ್ಕಳು ನಕ್ಕರು. ಚನ್ನಯ್ಯನವರೂ ನಕ್ಕರು.

“ಕಂಪ್ಯೂಟರ್ ತಪ್ಪು ಮಾಡೂದಿಲ್ಲ ಹುಲಿಗೆವ್ವ,” ಎಂದರು. “ನಿನಗ ಕಲಿಸಿದವರು ತಪ್ಪು ಕಲಿಸಿರಬೇಕು ನೋಡು.”

ಆಯಿ ಪರದೆಯನ್ನು ಇನ್ನೊಮ್ಮೆ ನೋಡಿದಳು. ಮಾಲೆಯನ್ನು ನೋಡಿದಳು. ಕುಂಕುಮವನ್ನು ನೋಡಿದಳು. ಆಮೇಲೆ ನಿಧಾನವಾಗಿ ತಲೆಯಾಡಿಸಿದಳು.

“ಹಂಗೂ ಇರಬೇಕ್ರಿ,” ಎಂದಳು. “ನಾ ಸಾಲಿ ಕಲ್ತಾಕಿ ಅಲ್ಲ. ಇಷ್ಟ್ ವರ್ಷ ತಪ್ಪ ಬರಕೋಂತ ಬಂದೇನಿ ಅಂತ ಕಾಣತೈತಿ.”

ಬೆನ್ನ ಹಿಂದೆ ಅವಳ ತೋರುಬೆರಳು ಗಾಳಿಯಲ್ಲಿ ಆಡುತ್ತಿತ್ತು. ದುರ್ಗಾ ಅವಳ ಹಿಂದೆಯೇ ನಿಂತಿದ್ದಳು, ಅದು ಅವಳೊಬ್ಬಳಿಗೆ ಕಾಣುತ್ತಿತ್ತು. ಲ ಬರೆದು, ಗುಡಿಸು ಬಿಟ್ಟು, ಏತ್ವ ಹಾಕಿ ನೋಡುತ್ತಿತ್ತು ಆ ಬೆರಳು. ಹೊಸ ಹೆಸರು ಕಲಿಯುತ್ತಿತ್ತು.

ದುರ್ಗಾ ಆ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನಿನ್ನ ಗುಡಿಸು ಬರೋಬ್ಬರಿ ಐತಿ ಆಯಿ,” ಎಂದಳು. ಮೈಕು ಹತ್ತಿರವೇ ಇತ್ತು, ಇಡೀ ಅಂಗಳಕ್ಕೆ ಕೇಳಿಸಿತು. “ಕಂಪ್ಯೂಟರ್ ತಗದಿಲ್ಲ. ನಾನ ತಗದೇನಿ.”

ದುರ್ಗಾಳಿಗೆ ತನ್ನ ಕಿವಿ ಬಿಸಿಯಾದದ್ದು ಗೊತ್ತಾಯಿತು. “ಮನಿ, ಗ್ವಾಡಿ ಅಂತ ಇತ್ತಲ್ಲ, ಅದು ನನಗ ನಾಚಿಕಿ ಆತು,” ಎಂದಳು. “ಅದಕ್ಕ ಎಲ್ಲಾ ತಗೀರಿ ಅಂತ ನಾನ ಹೇಳಿದೆ. ಹೇಳಿ, ನಾನ ಒತ್ತಿದೆ.”

ಆಯಿ ಅವಳ ಮುಖವನ್ನೇ ನೋಡಿದಳು. ದುರ್ಗಾ ಕಣ್ಣು ಕೆಳಗೆ ಹಾಕಲಿಲ್ಲ.

ಆಗ ಆಯಿ ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಒಂದು ಸದ್ದು ಮಾಡಿದಳು.

“ಲೊಚ್.”

ಅದರ ಅರ್ಥ ಅಂಗಳದಲ್ಲಿ ಯಾರಿಗೂ ಆಗಲಿಲ್ಲ. ಕತೆ ಗೊತ್ತಿದ್ದ ದುರ್ಗಾಳಿಗೆ ಆಯಿತು. ಆದ್ದರಿಂದ ಉಳಿದವರಿಗೆ ಅವಳು ಕತೆ ಹೇಳಿದಳು. ಪರದೆಗೆ ಬೆನ್ನು ಮಾಡಿ ನಿಂತು, ಆಯಿಯ ಬೆರಳು ಬಿಡದೆ ಹೇಳಿದಳು.

“ಒಂದು ಮನಿ. ಆ ಮನಿ ಗ್ವಾಡಿ ಮ್ಯಾಲೆ ಒಂದು ಹಲ್ಲಿ ಇತ್ತು. ಯಾರರೆ ಖರೇ ಮಾತು ಆಡಿದ್ರ ಅದು ಲೊಚ್ ಅಂತಿತ್ತು. ಆ ಮನಿಗೆ ಬಂದು ಮೂರು ವರ್ಷ ಆಗಿತ್ತು, ಒಮ್ಮಿನೂ ಬಾಯಿ ತಗದಿರಲಿಲ್ಲ. ಮನಿ ಮಂದಿ ಎಲ್ಲಾ, ಪಾಪ, ಈ ಹಲ್ಲಿ ಮೂಕ ಐತಿ ಅಂತ ತಿಳಕೊಂಡಿದ್ರು.”

ಅಂಗಳ ನಕ್ಕಿತು. ಈ ಸಲ ಬೇರೆ ರೀತಿ ನಕ್ಕಿತು. ಆ ಮನೆಯಲ್ಲಿ ಒಂದು ದಿನ ಹೋಳಿಗಿ ಕಳವಾದದ್ದನ್ನು ದುರ್ಗಾ ಹೇಳಿದಳು. ಬೆಕ್ಕು ತಿಂತು ಎಂದು ಅಪ್ಪ ಹೇಳಿದ, ಹಲ್ಲಿ ಸುಮ್ಮನಿತ್ತು. ಇರುವೆ ಹೊತ್ತೊಯ್ದವು ಎಂದು ಅವ್ವ ಹೇಳಿದಳು, ಹಲ್ಲಿ ಸುಮ್ಮನಿತ್ತು. ಮಾಡಿಯೇ ಇರಲಿಲ್ಲ ಎಂದು ಮುದುಕ ಮುತ್ಯಾ ಹೇಳಿದ, ಅವನ ಮೀಸೆಗೆ ಬೆಲ್ಲ ಹತ್ತಿತ್ತು. ಕಟ್ಟಕಡೆಗೆ ಸಣ್ಣ ಹುಡುಗಿ ಎದ್ದು ನಿಂತು, ಒಂದು ನಾನು ತಿಂದೆ, ಉಳಿದದ್ದು ನೀವೆಲ್ಲ ತಿಂದಿರಿ ಎಂದಳು. ಆಗ ಹಲ್ಲಿಗೆ ಎಷ್ಟು ಸಂತೋಷವಾಯಿತು ಎಂದರೆ, ಮೂರು ವರ್ಷದ ಲೊಚ್ ಎಲ್ಲ ಒಮ್ಮೆಲೇ ಹೊರಬಿದ್ದು, ಹಲ್ಲಿ ಗೋಡೆ ಬಿಟ್ಟು ಮುತ್ಯಾ ತಲೆಗೆ ಸುತ್ತಿದ್ದ ಪಟಗದ ಮೇಲೆ ಬಿತ್ತು.

ಚನ್ನಯ್ಯನವರು ತಮ್ಮ ತಲೆಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಪಾಮ್‌ಟಾಪನ್ನು ಜೇಬಿಗೆ ಹಾಕಿದರು.

ಕಾರ್ಯಕ್ರಮ ಮುಗಿದ ಮೇಲೆ ಸಿ.ಡಿ. ಹಂಚಬೇಕಾಗಿತ್ತು. ಆಯಿ ಕಟ್ಟೆಯ ಮೇಲೆ ಕುಳಿತು ಪೆನ್ನು ಕೇಳಿದಳು. ಪಿಡಿಎಫ್ ಬ್ರಹ್ಮನ ಬರಹ ಇರಬಹುದು, ಹೊದಿಕೆ ಕಾಗದದ್ದು. ಆರತಿ ಟೀಚರ ಕೈಯಲ್ಲಿ ಇದ್ದದ್ದು ಒಂದೇ ಪೆನ್ನು. ಕೆಂಪು ಶಾಯಿಯದು. ಅವರು ಅದನ್ನು ಕೊಟ್ಟರು.

ಆಯಿ ಹೊದಿಕೆಯ ಮೇಲಿನ ‘ಲೆ’ಯನ್ನು ಹೊಡೆದು, ಮಗ್ಗುಲಲ್ಲಿ ಲ ಬರೆದು, ಅದರ ನೆತ್ತಿಗೆ ಸುತ್ತು ಹಾಕಿದಳು. ಹಲ್ಲಿನ ನಡುವೆ ನಾಲಗೆಯ ತುದಿ ಹಿಡಿದಿದ್ದಳು. ಒಂದು ಅಕ್ಷರಕ್ಕೆ ಅರ್ಧ ನಿಮಿಷ ಹಿಡಿಯಿತು. ಶಮೀಮ ಒಂದೊಂದೇ ಹೊದಿಕೆ ಕೊಟ್ಟಳು, ದುರ್ಗಾ ಶಾಯಿ ಆರುವ ತನಕ ಊದಿ ಬದಿಗಿಟ್ಟಳು. ಮಕ್ಕಳು ಕಟ್ಟೆಯ ಮುಂದೆ ಸಾಲು ಹಚ್ಚಿದರು. ದೊಡ್ಡ ಲೇಖಕರ ಮುಂದೆ ಹೀಗೆ ಸಾಲು ಹಚ್ಚುತ್ತಾರೆ ಎಂದು ಯಾರೋ ಹೇಳಿದರು.

ಹತ್ತು ಹೊದಿಕೆ ಆದ ಮೇಲೆ ಆರತಿ ಟೀಚರ್ ಹತ್ತಿರ ಬಂದು, ‘ಸಂಪಾದನೆ: ಆರತೆ’ ಎಂಬಲ್ಲಿ ಬೆರಳಿಟ್ಟರು.

“ನನಗೂ ಒಂದು ಗುಡಿಸು ಹಾಕ್ತೀರೇನವ್ವಾ?” ಎಂದರು. ದನಿ ಸಣ್ಣದಾಗಿತ್ತು.

“ಹಾಕ್ತೇನ್ರಿ,” ಎಂದಳು ಆಯಿ. “ಗುಡಿಸೂದು ನನ್ನ ಉದ್ಯೋಗ ಐತಿ.”

ಐವತ್ತನೆಯ ಹೊದಿಕೆ ಬಂದಾಗ ಬಿಸಿಲು ಕಟ್ಟೆ ಬಿಟ್ಟು ಹೋಗಿತ್ತು. ಆಯಿ ಪೆನ್ನನ್ನು ದುರ್ಗಾಳ ಕೈಗೆ ಕೊಟ್ಟು, ಇದೊಂದು ನೀನು ಬರಿ ಎಂದು ಹೇಳಿ ಸೊಂಟ ನೀವಿಕೊಂಡಳು.

ದುರ್ಗಾ ಬರೆದಳು. ಬರೆಯುವಾಗ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ‘ಬರೆದವಳು: ದುರ್ಗಾ’. ಅದರಲ್ಲಿ ತಪ್ಪು ಇರಲಿಲ್ಲ. ಅದರಲ್ಲಿ ಗುಡಿಸೂ ಇರಲಿಲ್ಲ. ಇಡೀ ಪತ್ರಿಕೆ ಗುಡಿಸಿ ಹೋದರೂ ಅವಳ ಹೆಸರಿಗೆ ಏನೂ ಆಗಿರಲಿಲ್ಲ. ಅದನ್ನು ಅವಳು ಇಷ್ಟು ದಿನ ನೋಡಿಯೇ ಇರಲಿಲ್ಲ.

ಅವಳು ಆಯಿಯ ಹುಬ್ಬಿನ ಮೇಲೆ ಉಳಿದಿದ್ದ ನಿನ್ನೆಯ ಒಂದು ಹತ್ತಿಯ ಎಳೆಯನ್ನು ಮೆಲ್ಲಗೆ ತೆಗೆದಳು. ಇಬ್ಬರೂ ಕೈ ಹಿಡಿದುಕೊಂಡು ಗೇಟಿನ ಕಡೆ ಹೊರಟರು.

ಆರತಿ ಟೀಚರ್ ಕಂಪ್ಯೂಟರಿಗೆ ಗುಲಾಬಿ ಅಂಗಿ ತೊಡಿಸುತ್ತಿದ್ದರು. ಎಲ್ಲಿಗೆ ಹೊರಟಿರಿ, ಚಹಾ ಕುಡಿದು ಹೋಗಿರಿ ಎಂದು ಅಲ್ಲಿಂದಲೇ ಕೂಗಿದರು.

ದುರ್ಗಾಳ ನಾಲಗೆಯ ತುದಿಗೆ ಶಾಲೆಯ ಮಾತು ಬಂದಿತ್ತು. ಅದನ್ನು ಅಲ್ಲಿಯೇ ನಿಲ್ಲಿಸಿದಳು.

“ಮನಿಗ್ರಿ, ಟೀಚರ್,” ಎಂದಳು.